ಸೋಮವಾರದ ಸೈಕಲ್ಲು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕುಳಿತುಕೊಂಡು ಹಿಮದ ಮೇಲೆ ಜಾರುವ ಪಂದ್ಯದ ವಿಷಯ ಬರೆಯಹೊರಟವನನ್ನು ಕಂಡರೆ ಯಾರಿಗಾದರೂ ನಗು ಬಂದೀತು. ನಮ್ಮ ಊರಿಗೂ ಹಿಮಕ್ಕೂ ಇರುವ ನಂಟು, ಬೇಸಗೆಯಲ್ಲಿ ಕಬ್ಬಿನ ಹಾಲಿನ ಲೋಟದೊಳಗೆ ತೇಲುವ ಐಸಿನ ಚೂರಿನಷ್ಟೇ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಂ ಅಂಡ್ ಕೋ ವೃತ್ತದವರೆಗೆ ನಡೆದುಬಂದವನಿಗೆ ಜಾರಿ ಬೀಳಲು ಹಿಮ ಬೇಕಾಗಿಲ್ಲ. ತನ್ನ ಬೆವರೇ ಸಾಕು. ಆದರೂ ನಮ್ಮ ಮನೆಯ ಷೋಕೇಸಿನಲ್ಲಿ, ಮೊಮ್ಮಕ್ಕಳ ಫೋಟೋಕ್ಕೂ ಚನ್ನಪಟ್ಟಣದ ಗೊಂಬೆಗೂ ನಡುವೆ, ಹಿಮದ ಪಂದ್ಯದ ಒಂದು ಕಂಚಿನ ಪದಕ ಕುಳಿತಿದೆ. ಬಂದವರೆಲ್ಲ "ಇದೇನ್ರಿ?" ಎನ್ನುತ್ತಾರೆ. ನನ್ನದಲ್ಲ, ಅಳಿಯಂದಿರದು ಎಂದರೆ ನೆಮ್ಮದಿಯಿಂದ ತಲೆಯಾಡಿಸುತ್ತಾರೆ. "ಅಳಿಯಂದ್ರದು ನಿಮ್ಮ ಮನ್ಯಾಗ ಯಾಕೈತಿ?" ಎಂದು ಯಾರಾದರೂ ಮುಂದುವರಿದು ಕೇಳಿದರೆ ಮಾತ್ರ ಉತ್ತರ ಉದ್ದವಾಗುತ್ತದೆ. ಆ ಉದ್ದನೆಯ ಉತ್ತರವೇ ಈ ಬರಹ.

2023ರ ಫೆಬ್ರವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯ ನಮ್ಮೂರಿನವರೇ. ಇಲ್ಲಿಯೇ ಇಂಜಿನಿಯರಿಂಗ್ ಓದಿದವರು. ಮೂವತ್ತು ವರ್ಷ ತುಂಬುವವರೆಗೆ ಹಿಮವನ್ನು ಫ್ರಿಜ್ಜಿನ ಮೇಲ್ಖಾನೆಯಲ್ಲಿ ಮಾತ್ರ ಕಂಡವರು. ಮಕ್ಕಳಿಗೆ ಸ್ಕೀ ಕಲಿಸುವ ನೆಪದಲ್ಲಿ ತಾವೂ ಕಲಿತು, ಬಿದ್ದು, ಎದ್ದು, ಈಗ ಬೀಳದೆ ಇಳಿಯುವ ಮಟ್ಟಕ್ಕೆ ಬಂದಿದ್ದರು. ಒಂದು ಶನಿವಾರ ನಮ್ಮನ್ನೂ ಕಾರಿನಲ್ಲಿ ಕೂರಿಸಿಕೊಂಡು ರಾಕಿ ಪರ್ವತದ ಕಡೆಗೆ ಹೊರಟರು.

ಸ್ಕೀ ಎಂಬುದು ನೋಡುವುದಕ್ಕೆ ಎರಡು ಉದ್ದನೆಯ ಪಟ್ಟಿಗಳಷ್ಟೆ. ಮುಂದಿನ ತುದಿ ಮೇಲಕ್ಕೆ ಬಾಗಿರುತ್ತದೆ. ಎರಡು ಅಂಚುಗಳಿಗೂ ಉಕ್ಕಿನ ಸಣ್ಣ ಕಟ್ಟು. ಗಡುಸಾದ ಬೂಟಿಗೆ ಅದನ್ನು ಸಿಕ್ಕಿಸಿಕೊಂಡು, ಕೈಗಳಲ್ಲಿ ಎರಡು ಕೋಲು ಹಿಡಿದು, ಬೆಟ್ಟದ ಮೇಲಿನಿಂದ ಕೆಳಕ್ಕೆ ತಮ್ಮನ್ನು ತಾವೇ ಬಿಟ್ಟುಕೊಳ್ಳುವುದು. ದೇವರು ಕೊಟ್ಟ ಕಾಲಿನಲ್ಲಿ ಮೆಲ್ಲಗೆ ಇಳಿಯಬಹುದಾದ ಬೆಟ್ಟವನ್ನು ಜನ ಹಣ ಕೊಟ್ಟು ಹೀಗೇಕೆ ಇಳಿಯುತ್ತಾರೆಂದು ನನ್ನ ಹೆಂಡತಿ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ನನ್ನ ಕಣ್ಣು ಬೇರೊಂದು ಕಡೆ ನೆಟ್ಟಿತ್ತು.

ಇಳಿಜಾರಿನ ಒಂದು ಬದಿಯಲ್ಲಿ ಕೆಂಪು, ನೀಲಿ ಬಟ್ಟೆ ಕಟ್ಟಿದ ಕಂಬಗಳನ್ನು ಎಡಕ್ಕೊಂದು ಬಲಕ್ಕೊಂದು ಎಂಬಂತೆ ನೆಟ್ಟಿದ್ದರು. ಅವುಗಳನ್ನು ಬಳಸಿಕೊಂಡು ಒಬ್ಬೊಬ್ಬರಾಗಿ ಜನ ಇಳಿದುಬರುತ್ತಿದ್ದರು. ಕೆಳಗೆ ವಿದ್ಯುತ್ ಗಡಿಯಾರ. ಮೊದಲು ಮೈಗಂಟಿದ ಉಡುಪಿನ ತರುಣನೊಬ್ಬ ಬಾಣದಂತೆ ಬಂದ. ಅವನ ಹಿಂದೆ ಹತ್ತು ವರ್ಷದ ಹುಡುಗಿ. ಅವಳ ಹಿಂದೆ ಒಬ್ಬ ಸ್ಥೂಲಕಾಯದ ಮಹನೀಯರು. ಅವರ ಹಿಂದೆ, ನನಗಿಂತ ಹಿರಿಯರೆಂದು ಕಾಣುತ್ತಿದ್ದ ಒಬ್ಬ ಅಜ್ಜಿ!

"ನೀವೂ ಇಳೀರಲ್ಲ," ಎಂದೆ ಅಳಿಯಂದಿರಿಗೆ.

"ಬ್ಯಾಡ ಮಾವ. ಅದು ರೇಸಿನವರಿಗೆ. ನಂದು ಬಾಡಿಗಿ ಸ್ಕೀ, ದಿನಾ ಆಡೋದು. ಇದನ್ನ ತಗೊಂಡು ಅಲ್ಲಿ ನಿಂತ್ರೆ ನಗ್ತಾರೆ," ಎಂದರು.

ಅವರು ಸಹಜವಾಗಿ ಆಡಿದ ಮಾತು. ಆದರೆ ಅದು ನನ್ನನ್ನು ಆ ಬೆಟ್ಟದಿಂದ ಎತ್ತಿ ಐವತ್ತೈದು ವರ್ಷ ಹಿಂದಕ್ಕೆ, ಹರಿಹರದ ರಸ್ತೆಗೆ ಒಗೆಯಿತು.

*

ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಯ ಕೂಗಿನಿಂದಲೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಮನೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ತಂದೆಯ ಸೈಕಲ್ಲು. ಕರಿಯ ಬಣ್ಣದ್ದು, ಭಾರವಾದದ್ದು. ಹಿಂದೆ ಅಗಲವಾದ ಕ್ಯಾರಿಯರು, ಎರಡು ಕಾಲಿನ ಸ್ಟಾಂಡು, ಪೂರ್ತಿ ಮುಚ್ಚಿದ ಚೈನ್‌ಕವರು. ಅವರು ಅದನ್ನು ಪ್ರತಿ ಭಾನುವಾರ ಒರೆಸಿ ಎಣ್ಣೆ ಬಿಡುತ್ತಿದ್ದರು. ಆ ಸೈಕಲ್ಲು ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ, ಆಟಕ್ಕಲ್ಲ.

1968ರ ಆಗಸ್ಟ್ 15ರಂದು ಹುಡುಗರ ಸೈಕಲ್ ಓಟ ಏರ್ಪಾಡಾಯಿತು. ಊರಿನಿಂದ ಹೊರಟು ಪೂನಾ–ಬೆಂಗಳೂರು ರಸ್ತೆ ಹಿಡಿದು, ಹರಿಹರದ ತುಂಗಭದ್ರೆಯ ಸೇತುವೆ ಮುಟ್ಟಿ ವಾಪಸು ಬರುವುದು. ಹೋಗಿ ಬರುವುದಕ್ಕೆ ಇಪ್ಪತ್ತೆಂಟು ಕಿಲೋಮೀಟರಿನ ಸುಮಾರು. ನನಗೆ ಹದಿನಾಲ್ಕು ವರ್ಷ. ರಜೆಯ ದಿನ, ತಂದೆ ಯಾರದೋ ಮನೆಯ ಕಾರ್ಯಕ್ಕೆ ಹೋಗಿದ್ದರು. ಸೈಕಲ್ಲು ಹಗುರವಾದರೆ ಓಡುತ್ತದೆಂದು ಗೆಳೆಯರು ಹೇಳಿದ್ದರು. ಕ್ಯಾರಿಯರು ಬಿಚ್ಚಿದೆ. ಸ್ಟಾಂಡು ಬಿಚ್ಚಿದೆ. ಚೈನ್‌ಕವರು ಬಿಚ್ಚಿದೆ. ಕೊನೆಗೆ ಮುಂದಿನ, ಹಿಂದಿನ ಎರಡು ಮಡ್‌ಗಾರ್ಡುಗಳನ್ನೂ ಬಿಚ್ಚಿದೆ. ನಟ್ಟು ಬೋಲ್ಟುಗಳನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕಿಟಕಿಯ ಮೇಲಿಟ್ಟೆ.

ಓಟಕ್ಕೆ ಬಂದವರಲ್ಲಿ ಮೂವರು ಅನುಕೂಲಸ್ಥರ ಮಕ್ಕಳು. ಅವರ ಸೈಕಲ್ಲುಗಳ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಚಕ್ರ ಸಣ್ಣಗೆ, ಬಳ್ಳಿಯಂತೆ. ನನ್ನದನ್ನು ನೋಡಿ, ಏರ್ಪಾಡು ಮಾಡಿದ್ದವರಲ್ಲಿಯೇ ಒಬ್ಬರು "ಇದು ಹಾಲಿನ ಕ್ಯಾನು ಹೊರೋ ಸೈಕಲ್ಲಲ್ಲೋ!" ಎಂದರು. ನಿಂತವರೆಲ್ಲ ನಕ್ಕರು. ಶೀಟಿ ಊದಿದ ಮೇಲೆ ಆ ಮೂವರನ್ನು ನಾನು ಕಂಡದ್ದು ಐದೇ ನಿಮಿಷ. ದೊಡ್ಡಬಾತಿಯ ಹತ್ತಿರ ಹೋಗುವಷ್ಟರಲ್ಲಿ ಅವರು ಸೇತುವೆ ಮುಟ್ಟಿ ಹಿಂದಿರುಗಿ ನನ್ನೆದುರಿಗೇ ಬರುತ್ತಿದ್ದರು. ನಾನು ಸೈಕಲ್ಲು ತಿರುಗಿಸಿದೆ. ಗುರಿ ಮುಟ್ಟುವ ರಸ್ತೆಗೆ ಹೋಗದೆ ಹಿತ್ತಲ ದಾರಿಯಿಂದ ಮನೆ ಸೇರಿದೆ.

ಸೋತದ್ದು ದೊಡ್ಡದಲ್ಲ. ಮನೆಗೆ ಬಂದು ನೋಡಿದರೆ ಕಿಟಕಿಯ ಮೇಲೆ ಪೊಟ್ಟಣವಿರಲಿಲ್ಲ. ಗಾಳಿಗೆ ಬಿತ್ತೋ, ಯಾರು ಗುಡಿಸಿದರೋ. ಕತ್ತಲಾಗುವವರೆಗೆ ಮಣ್ಣಿನಲ್ಲಿ ಹುಡುಕಿದೆ. ಎರಡು ಬೋಲ್ಟು ಸಿಕ್ಕಿದವು. ಹಾಗೂ ಹೀಗೂ ಕ್ಯಾರಿಯರನ್ನು ಕೂರಿಸಿದೆ. ಮಡ್‌ಗಾರ್ಡುಗಳು ಗೋಡೆಗೆ ಒರಗಿಕೊಂಡೇ ಉಳಿದವು. ರಾತ್ರಿ ಮಳೆ ಹಿಡಿಯಿತು. ಬೆಳಗಿನ ಪಾಳಿಗೆ ತಂದೆ ಎದ್ದರು. ಸೈಕಲ್ಲು ನೋಡಿದರು. ನಾನು ಕೌದಿಯೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಅವರು ಏನೂ ಹೇಳದೆ ಹೊರಟುಹೋದರು.

ಸಂಜೆ ಬಂದಾಗ ಅವರ ಬಿಳಿಯ ಅಂಗಿಯ ಬೆನ್ನ ಮೇಲೆ, ಸೊಂಟದಿಂದ ಕುತ್ತಿಗೆಯವರೆಗೆ, ಅಡಿಕೋಲಿನಿಂದ ಎಳೆದಂತೆ ನೆಟ್ಟಗೆ ಒಂದು ಕೆಸರಿನ ಗೆರೆ. ಮಡ್‌ಗಾರ್ಡಿಲ್ಲದ ಹಿಂದಿನ ಚಕ್ರ ಎಳೆದ ಗೆರೆ ಅದು. ದಿನವೆಲ್ಲ ಆ ಗೆರೆ ಹೊತ್ತುಕೊಂಡೇ ಮಗ್ಗಗಳ ನಡುವೆ ಓಡಾಡಿರಬೇಕು. ಅಂಗಿ ಬಿಚ್ಚಿ ತಾವೇ ಬಚ್ಚಲಿಗೆ ಒಯ್ದು ಒಗೆದರು. ಬೈಯಲಿಲ್ಲ, ಅಂದೂ ಇಲ್ಲ, ಎಂದೂ ಇಲ್ಲ. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.

ಅಂದಿನಿಂದ ಪಂದ್ಯ ಎಂಬ ಮಾತು ಕೇಳಿದರೆ ನಾನು ಪಕ್ಕಕ್ಕೆ ಸರಿಯುವವನು. ಪಂದ್ಯಕ್ಕೆ ಬೇರೆಯ ಜನರಿದ್ದಾರೆ, ಬೇರೆಯ ಸಾಮಾನಿದೆ. ನಮ್ಮಂಥವರು ಚಪ್ಪಾಳೆ ತಟ್ಟುವವರು ಎಂದು ನಂಬಿದ್ದೆ. ಆ ನಂಬಿಕೆಯನ್ನು ಅಳಿಯನ ಬಾಯಿಂದ ಕೇಳಿದಾಗ ಮಾತ್ರ ಅದು ಎಷ್ಟು ಕೆಟ್ಟದ್ದೆಂದು ತಿಳಿಯಿತು.

*

ಅಳಿಯಂದಿರನ್ನು ಎಳೆದುಕೊಂಡೇ ಹೆಸರು ಬರೆಸುವ ಗೂಡಿನ ಹತ್ತಿರ ಹೋದೆ. ಅಲ್ಲಿದ್ದ ಹೆಣ್ಣುಮಗಳು ನನ್ನ ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿದಳು. ರೇಸಿನ ಸ್ಕೀ ಬೇಕೆ ಎಂದದ್ದಕ್ಕೆ, ಕಾಲಿಗೆ ಈಗ ಏನಿದೆಯೋ ಅದೇ ಸಾಕು, ತಲೆಗೆ ಮಾತ್ರ ಹೆಲ್ಮೆಟ್ಟಿರಲಿ ಎಂದಳು. ಆಮೇಲೆ ಅಳಿಯ ಮೊಬೈಲಿನಲ್ಲಿ ಓದಿ ಹೇಳಿದ್ದು, ನಾನು ಊರಿಗೆ ಬಂದು ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಆ ಪಂದ್ಯದ ಹೆಸರು ನಾಸ್ಟಾರ್. ರಾಷ್ಟ್ರೀಯ ಪ್ರಮಾಣದ ಓಟ ಎಂದು ಅರ್ಥ. ಅದನ್ನು ಹುಟ್ಟಿಸಿದವರು ಜಾನ್ ಫ್ರೈ ಎಂಬ ಪತ್ರಿಕಾ ಸಂಪಾದಕರು. ಹುಟ್ಟಿದ್ದು, ಅದೇ 1968ರಲ್ಲಿ! ನಾನು ಮಣ್ಣಿನಲ್ಲಿ ಬೋಲ್ಟು ಹುಡುಕುತ್ತಿದ್ದ ವರ್ಷವೇ ಭೂಮಿಯ ಆ ಬದಿಯಲ್ಲಿ ಒಬ್ಬರು ನನ್ನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು. ಗಾಲ್ಫ್ ಆಟದಲ್ಲಿ ಸಾಮಾನ್ಯನೂ ತನ್ನನ್ನು ಒಂದು ಗೊತ್ತಾದ ಅಳತೆಗೆ ಹೋಲಿಸಿಕೊಳ್ಳಬಹುದು. ಸ್ಕೀಯಲ್ಲಿ ಅಂಥ ಅಳತೆ ಇಲ್ಲವಲ್ಲ ಎಂಬುದು ಫ್ರೈ ಅವರ ಚಿಂತೆ. ಫ್ರಾನ್ಸಿನಲ್ಲಿ ಸ್ಕೀ ಕಲಿಸುವ ಗುರುಗಳನ್ನು ಪರೀಕ್ಷಿಸುವಾಗ, ಅತಿ ವೇಗದವನಿಗಿಂತ ಇವರು ಶೇಕಡ ಎಷ್ಟು ಹಿಂದೆ ಎಂದು ನೋಡುವ ಪದ್ಧತಿಯಿತ್ತು. ಅದನ್ನೇ ಸಾಮಾನ್ಯ ಜನರಿಗೆ ತಂದರು. ಮೊದಲ ಚಳಿಗಾಲ ಎಂಟು ಬೆಟ್ಟಗಳಲ್ಲಿ ನಡೆಯಿತು. ಬರಬರುತ್ತ ನೂರಕ್ಕೂ ಮಿಕ್ಕಿದ ಬೆಟ್ಟಗಳಿಗೆ ಹಬ್ಬಿತು.

ಲೆಕ್ಕ ಸುಲಭ. ಪ್ರತಿ ಬೆಟ್ಟದಲ್ಲೂ ವೇಗ ಗೊತ್ತುಮಾಡುವವನೊಬ್ಬ ಇರುತ್ತಾನೆ. ದೇಶದ ಅತಿ ವೇಗದವನಿಗಿಂತ ಇವನು ಶೇಕಡ ಎಷ್ಟು ನಿಧಾನವೆಂದು ಮೊದಲೇ ಅಳೆದಿರುತ್ತಾರೆ. ಇವನು ಶೇಕಡ 5 ನಿಧಾನ ಎನ್ನಿ. ಈ ದಿನ ಈ ಇಳಿಜಾರನ್ನು 21 ಸೆಕೆಂಡಿನಲ್ಲಿ ಇಳಿದ ಎನ್ನಿ. ಹಾಗಾದರೆ ಆ ಮಹಾಶೂರ ಇಲ್ಲಿ ಇದ್ದಿದ್ದರೆ 20 ಸೆಕೆಂಡಿನಲ್ಲಿ ಇಳಿಯುತ್ತಿದ್ದ. ನೀವು 25 ಸೆಕೆಂಡಿನಲ್ಲಿ ಇಳಿದರೆ, ಶೇಕಡ 25 ಹಿಂದೆ. ನಿಮ್ಮ ಅಂಕ 25. ಇಂದು ಹಿಮ ಗಟ್ಟಿಯಾಗಿರಲಿ ಮೆತ್ತಗಿರಲಿ, ಬೆಟ್ಟ ಇದಾಗಲಿ ಇನ್ನೊಂದಾಗಲಿ, ಅಂಕಕ್ಕೆ ಅಂಕ ಹೋಲಿಸಬಹುದು. ಪದಕವೂ ಅಷ್ಟೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ವಯಸ್ಸು ವಯಸ್ಸಿಗೂ ಬೇರೆ ಬೇರೆ ಮೇರೆ. ಎಂಬತ್ತು ದಾಟಿದವರಿಗೂ ಒಂದು ವರ್ಗ. ಮೇರೆಯೊಳಗೆ ಬಂದವರಿಗೆಲ್ಲ ಪದಕ. ಒಬ್ಬನಿಗೆ ಸಿಕ್ಕಿತೆಂದು ಇನ್ನೊಬ್ಬನಿಗೆ ತಪ್ಪುವುದಿಲ್ಲ.

ಹಾಗಾದರೆ ಸಾಮಾನಿನ ಮಾತೇನು? ಜಗತ್ಪಂದ್ಯಗಳಲ್ಲಿ ಗಂಡಸರು ದೊಡ್ಡ ತಿರುವಿನ ಓಟಕ್ಕೆ ಕಟ್ಟಿಕೊಳ್ಳುವ ಸ್ಕೀಯ ಉದ್ದ 193 ಸೆಂಟಿಮೀಟರಿಗೆ ಕಡಿಮೆಯಿರಬಾರದು. ಅದರ ಅಂಚಿನ ಬಾಗು ಎಷ್ಟು ಕಡಿಮೆಯೆಂದರೆ, 30 ಮೀಟರ್ ತ್ರಿಜ್ಯದ ವೃತ್ತದ ಒಂದು ತುಂಡಿನಂತೆ. ದಿನಬಳಕೆಯ ಸ್ಕೀಯದು ಅದರ ಅರ್ಧದಷ್ಟು. ಅಂದರೆ ರೇಸಿನ ಸ್ಕೀ ಭಾರಿ ವೇಗವಿದ್ದರೆ ಮಾತ್ರ ತಿರುಗುತ್ತದೆ. ನಿಧಾನಸ್ಥನ ಕಾಲಿಗೆ ಅದನ್ನು ಕಟ್ಟಿದರೆ ಅದು ಶಿಕ್ಷೆ. ಸಾಮಾನ್ಯರ ಓಟಕ್ಕೆ ಇಳಿಜಾರೂ ಸೌಮ್ಯ, ಕಂಬಗಳ ನಡುವೆ ಅಂತರವೂ ಧಾರಾಳ. ಅಲ್ಲಿಗೆ ದಿನಬಳಕೆಯ ಸ್ಕೀಯೇ ಒಪ್ಪುವಂಥದ್ದು. ಬೇಕಾದದ್ದು ಎರಡೇ: ಉಕ್ಕಿನ ಅಂಚನ್ನು ಅರದಿಂದ ಉಜ್ಜಿ ಹರಿತಮಾಡುವುದು, ತಳಕ್ಕೆ ಇಸ್ತ್ರಿಪೆಟ್ಟಿಗೆಯಂಥದರಿಂದ ಮೇಣ ಕರಗಿಸಿ ಸವರುವುದು. ಇದನ್ನು ಕೇಳಿದಾಗ ನನಗೆ ತಂದೆಯ ಭಾನುವಾರದ ಎಣ್ಣೆಯ ಬುಡ್ಡಿ ಕಣ್ಣಮುಂದೆ ಬಂತು.

ಅಳಿಯ ಇಳಿದರು. ಮೊದಲ ಸಲ ಒಂದು ಕಂಬ ತಪ್ಪಿಸಿದರು. ಓಟ ಲೆಕ್ಕಕ್ಕೆ ಬರಲಿಲ್ಲ. ಯಾರೂ ನಗಲಿಲ್ಲ. ಎರಡನೆಯ ಸಲ ತೋಳಗಲಿಸಿಕೊಂಡು, ಗಾಳಿಗೆ ಸಿಕ್ಕ ಛತ್ರಿಯಂತೆ ತೂರಾಡುತ್ತ, ಆದರೂ ಎಲ್ಲ ಕಂಬ ಬಳಸಿ ಕೆಳಗೆ ಬಂದರು. ಅವರ ವಯಸ್ಸಿನವರ ಕಂಚಿನ ಮೇರೆಯೊಳಗೆ ಕೂದಲೆಳೆಯಷ್ಟು ಒಳಗಿದ್ದರು. ಮನೆಗೆ ಬಂದ ಮೇಲೆ ರಾತ್ರಿ ಊಟದ ಹೊತ್ತಿನಲ್ಲಿ ಅವರಿಗೆ ಅಂಗಿಯ ಮೇಲಿನ ಗೆರೆಯ ಕಥೆ ಹೇಳಿದೆ. ನನ್ನ ಹೆಂಡತಿಗೂ ನಲವತ್ತು ವರ್ಷದಲ್ಲಿ ಹೇಳಿರಲಿಲ್ಲ. ನಾವು ಊರಿಗೆ ಹೊರಡುವ ದಿನ ಪೆಟ್ಟಿಗೆಯೊಳಗೆ ಪದಕವಿತ್ತು. ಫೋನಿನಲ್ಲಿ ಕೇಳಿದರೆ, "ಇರಲಿ ಬಿಡ್ರಿ ಮಾವ, ಅದು ನಿಮ್ಮದೇ," ಎಂದರು.

*

ಇದನ್ನೆಲ್ಲ ಬೆಳಗಿನ ತಿರುಗಾಟದ ಗೆಳೆಯರಿಗೆ ಹೇಳಿದಾಗ ಒಬ್ಬರು, ನಿವೃತ್ತ ಉಪಾಧ್ಯಾಯರು, ತಕರಾರು ತೆಗೆದರು: "ಎಲ್ಲರಿಗೂ ಪದಕ ಕೊಟ್ರೆ ಪದಕಕ್ಕೆ ಏನ್ರಿ ಬೆಲೆ?" ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನಮ್ಮ ಕುಸ್ತಿಯ ಹಿರಿಯರು ಏನು ಮಾಡುತ್ತಾರೆ? ಅಖಾಡಕ್ಕೆ ಇಳಿಸುವ ಮೊದಲು ಜೋಡಿ ಕಟ್ಟುತ್ತಾರೆ. ಎಳೆಯ ಹುಡುಗನನ್ನು ಹೆಸರಾದ ಪೈಲವಾನನೆದುರು ನಿಲ್ಲಿಸುವುದಿಲ್ಲ. ಅದರಿಂದ ಕುಸ್ತಿಯ ಬೆಲೆ ಇಳಿಯಲಿಲ್ಲ. ಬದಲು ಊರೂರಿನಲ್ಲಿ ಗರಡಿಗಳು ಉಳಿದವು. 1968ರಲ್ಲಿ ನನಗೆ ಯಾರೂ ಜೋಡಿ ಕಟ್ಟಲಿಲ್ಲ, ಅಷ್ಟೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅಲ್ಲಿ ಸ್ಕೀ ದಿನಬಳಕೆಯದಾದರೂ ಬೆಟ್ಟ ದಿನಬಳಕೆಯದಲ್ಲ. ಮೇಲಕ್ಕೊಯ್ಯುವ ತೂಗುಕುರ್ಚಿಯ ಚೀಟಿಯ ಬೆಲೆ ಕೇಳಿ ನನ್ನ ಹೆಂಡತಿ ರೂಪಾಯಿಗೆ ಲೆಕ್ಕ ಹಾಕಿದಳು, ಹಾಕಿ ಸುಮ್ಮನಾದಳು. ನಮಗಾದರೋ ರಸ್ತೆಗೆ ಚೀಟಿಯಿಲ್ಲ. ಸೈಕಲ್ಲು ಮನೆಯಲ್ಲಿದೆ. ಇಲ್ಲದ್ದು ಆ ಅಳತೆಗೋಲು ಮಾತ್ರ.

ಹೀಗೆ 2024ರ ಜನವರಿಯ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ನಮ್ಮ ಓಟ ನಡೆಯಿತು. ದೊಡ್ಡ ರಸ್ತೆಗೆ ಇಳಿಯದೆ, ಬಡಾವಣೆಯ ಒಳಬೀದಿಗಳಲ್ಲೇ ಒಂದೂವರೆ ಕಿಲೋಮೀಟರಿನ ಸುತ್ತು. ಒಬ್ಬೊಬ್ಬರೇ ಹೊರಡುವುದು, ಮೊಬೈಲಿನ ಗಡಿಯಾರ, ಉಪಾಧ್ಯಾಯರ ಕೈಯಲ್ಲಿ ನೋಟುಬುಕ್ಕು. ನಿಯಮ ಎರಡೇ. ಒಂದು: ಸೋಮವಾರ ಕೆಲಸಕ್ಕೆ ಹೋಗುವ ಸೈಕಲ್ಲೇ ಭಾನುವಾರ ಓಟಕ್ಕೆ ಬರಬೇಕು. ಎರಡು: ಅದರಿಂದ ಒಂದು ನಟ್ಟನ್ನೂ ಬಿಚ್ಚಿರಬಾರದು, ಮಡ್‌ಗಾರ್ಡು ಬಿಚ್ಚಿದ್ದರೆ ಪ್ರವೇಶವಿಲ್ಲ. ಎರಡನೆಯದನ್ನು ಕೇಳಿ ಎಲ್ಲರೂ ನಕ್ಕರು. "ಯಜಮಾನ್ರೇ, ಮಡ್‌ಗಾರ್ಡಿನ ಮ್ಯಾಲೆ ನಿಮಗ್ಯಾಕಿಷ್ಟು ಪ್ರೀತಿ?" ಎಂದು ಒಬ್ಬರು ಕೇಳಿದರು. ಕೆಸರಾಗುತ್ತದೆ ಎಂದಷ್ಟೇ ಹೇಳಿದೆ.

ವೇಗ ಗೊತ್ತುಮಾಡಲು ಕಾಲೇಜಿನ ಹುಡುಗನೊಬ್ಬ ಸಿಕ್ಕಿದ. ಅವನದು ಗೇರಿನ ಸೈಕಲ್ಲು. ಅದನ್ನು ಬಿಡಿಸಿ, ಅವರ ಮನೆಯ ಹಳೆಯ ಸೈಕಲ್ಲನ್ನೇ ಕೊಟ್ಟೆವು. ಸರಿಯಾಗಿ 4 ನಿಮಿಷದಲ್ಲಿ ಸುತ್ತಿ ಬಂದ. ಅದೇ ನಮ್ಮ ಸೊನ್ನೆ. ಆಮೇಲೆ ಹನ್ನೊಂದು ಜನ. ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಆಳೆತ್ತರದ ಚೀಲ ಹೊರುವ ಒಬ್ಬರು, ಚೀಲವಿಲ್ಲದ ಸೈಕಲ್ಲು ಇಷ್ಟು ಹಗುರವೇ ಎಂದು ತಾವೇ ಬೆರಗಾಗುತ್ತ 4 ನಿಮಿಷ 36 ಸೆಕೆಂಡಿಗೆ ಬಂದರು, ಅಂಕ 15. ಎಂಟನೆಯ ತರಗತಿಯ ಹುಡುಗಿ, ಮುಂದಿನ ಬುಟ್ಟಿಯ ಸಮೇತ, ಅಂಕ 35. ಪತ್ರಿಕೆ ಹಾಕುವ ಹುಡುಗ, ಆ ದಿನದ ಮನೆಗಳನ್ನೆಲ್ಲ ಮುಗಿಸಿ ಬಂದು, 5 ನಿಮಿಷ, ಅಂಕ 25.

ಕೊನೆಯಲ್ಲಿ ನಾನು. ತಂದೆಯ ಸೈಕಲ್ಲು ಎಂದೋ ಹೋಯಿತು. ಇದು ನಾನು ನೌಕರಿಗೆ ಸೇರಿದ ಮೇಲೆ ಕೊಂಡದ್ದು. ಕರಿಯದೇ, ಕ್ಯಾರಿಯರಿನದೇ. ಎರಡನೆಯ ತಿರುವಿನಲ್ಲಿ ಒಂದು ನಾಯಿ ನನ್ನನ್ನು ಸುಲಭವಾಗಿ ಹಿಂದೆ ಹಾಕಿತು. 7 ನಿಮಿಷ 36 ಸೆಕೆಂಡು. ಉಪಾಧ್ಯಾಯರು ಕನ್ನಡಕ ಸರಿಮಾಡಿಕೊಂಡು ಲೆಕ್ಕ ಹಾಕಿ, "ತೊಂಬತ್ತು!" ಎಂದು ಘೋಷಿಸಿದರು. ಹುಡುಗರು ಅದನ್ನು ಶೇಕಡ ತೊಂಬತ್ತು ಮಾರ್ಕೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ತಿದ್ದಲಿಲ್ಲ. ಹದಿನಾಲ್ಕರಲ್ಲಿ ತಪ್ಪಿಸಿಕೊಂಡ ಗುರಿಯನ್ನು ಎಪ್ಪತ್ತರ ಹೊಸ್ತಿಲಲ್ಲಿ ಮುಟ್ಟಿದ್ದೆ, ಅಷ್ಟು ಸಾಕಾಗಿತ್ತು. ಪದಕಗಳಿರಲಿಲ್ಲ. ಎಲ್ಲರೂ ಹೋಗಿ ಬೆಣ್ಣೆದೋಸೆ ತಿಂದೆವು.

ಮುಂದಿನ ತಿಂಗಳೇ ಕಾಶ್ಮೀರದ ಗುಲ್ಮಾರ್ಗಿನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಹಿಮ ಬೀಳದ ನಾಡಿನ ಹೆಣ್ಣುಮಗಳು! ಉಪಾಧ್ಯಾಯರು ಪತ್ರಿಕೆ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ಅಂಥವರು ಶಿಖರ. ಶಿಖರಕ್ಕೆ ನಾವು ಕೈಮುಗಿಯೋಣ. ಆದರೆ ಶಿಖರವೊಂದೇ ಬೆಟ್ಟವಲ್ಲ. ಅದರ ಕೆಳಗೆ ಅಗಲವಾದ ಬುಡವೂ ಇರಬೇಕು. ಆ ಬುಡದಲ್ಲಿ ಮಂಡಕ್ಕಿ ಚೀಲದವರಿಗೂ ಬುಟ್ಟಿಯ ಹುಡುಗಿಗೂ ತಾವು ಎಲ್ಲಿದ್ದೇವೆಂದು ತಿಳಿಸುವ ಒಂದು ಅಂಕವಿರಬೇಕು.

ಓಟದ ಮರುದಿನ, ಸೋಮವಾರ, ಎಂದಿನಂತೆ ಆರು ಗಂಟೆಗೆ ಗೇಟಿನ ಮೇಲಿಂದ ಪತ್ರಿಕೆ ಹಾರಿಬಂದು ಅಂಗಳದಲ್ಲಿ ಬಿತ್ತು. ಎಂದಿನಂತೆ ಹುಡುಗ ಮುಂದಕ್ಕೆ ಹೋಗಲಿಲ್ಲ. ಸೈಕಲ್ಲಿನ ಮೇಲೆ ಕುಳಿತೇ ಒಂದು ಕಾಲು ನೆಲಕ್ಕೂರಿ ನಿಂತಿದ್ದ.

"ಅಜ್ಜಾರ, ಚೈನಿಗೆ ಎಣ್ಣಿ ಬಿಟ್ಟೀನ್ರಿ. ಮುಂದಿನ ಸಲ ಇಪ್ಪತ್ತರ ಒಳಗೆ ಬರ್ತೀನಿ."

ನಾನು ಏನಾದರೂ ಹೇಳುವಷ್ಟರಲ್ಲಿ ಅವನು ಪಕ್ಕದ ಮನೆಗೆ ಪತ್ರಿಕೆ ಎಸೆದು, ತಿರುವು ದಾಟಿಹೋಗಿದ್ದ. ನಿನ್ನೆಗಿಂತ ವೇಗವಾಗಿಯೇ ಹೋದನೆಂದು ತೋರುತ್ತದೆ.